ಹನ್ನೊಂದು ತಟ್ಟೆ, ಕೌಲ್ ಬಜಾರು

ಗುಜರಿಯವನು ತೂಗಿ ಕೊಟ್ಟದ್ದು:
ಹನ್ನೊಂದು ತಟ್ಟೆ, ಮೂರು ಕಿಲೋಕ್ಕೆ ತುಸು ಕಮ್ಮಿ.
ತೋರಣಗಲ್ಲಿನ ಯಾವುದೋ ಖಾಲಿ ಕ್ವಾರ್ಟರ್ಸಿನಿಂದ ಬಂದವು,
ಮೈತುಂಬ ಅದಿರಿನ ಕೆಂಪು ಧೂಳು.
ಹೊನ್ನೂರವಲಿ ಒರೆಸಿದ, ರಿಜೆಕ್ಟ್ ಆದ
ಒಂಟಿ ಪ್ಯಾಂಟಿನ ಕಾಲಿನಿಂದ.

ಆಗ ನಾನಲ್ಲಿ ದಾರ ಕತ್ತರಿಸುವ ಹುಡುಗ.
ಕಾರ್ಖಾನೆಯೆಂದರೆ ಮಾಳಿಗೆಗೆ ತಗಡು, ತಗಡಿನಡಿ ಏಳು ಮಷಿನ್ನು.
ಏಪ್ರಿಲ್ಲಿನಲ್ಲಿ ಹಿತ್ತಾಳೆ ಗುಂಡಿಗಳೇ ಬೆರಳು ಸುಡುತ್ತಿದ್ದವು.
ಕಟಿಂಗ್ ಮಾಸ್ತರರ ಎಣಿಕೆ ತೆಲುಗಿನಲ್ಲಿ,
ಬೈಗುಳ ದಖನಿಯಲ್ಲಿ,
ಶನಿವಾರದ ಬಟವಾಡೆ ಕನ್ನಡದಲ್ಲಿ.

‘ಇದು ಫಂಕ್’ ಅಂದ ಹೊನ್ನೂರವಲಿ, ಕವರು ಓದಿ.
‘ಪಂಕಾನಾ? ತಿರುಗಾಕ ಕರೆಂಟ್ ಎಲ್ಲೈತಿ?’ ಅಂದಳು ಸುಂಕಮ್ಮ.
ನನಗೆ ಎಂಟನೇ ಕ್ಲಾಸಿನ ಪದಪಟ್ಟಿ ನೆನಪಾಯಿತು:
ಪಂಕ ಎಂದರೆ ಕೆಸರು.
ಮೂವರೂ ಅಷ್ಟೇನೂ ತಪ್ಪಿರಲಿಲ್ಲ.

ಸೂಜಿ ಇಳಿಯಿತು.
ಮೊದಲು ಬಂದದ್ದು ಹಾಡಲ್ಲ, ಬೇಸ್ ಗಿಟಾರು.
ದಪ್ಪ ತಂತಿಗೆ ಹೆಬ್ಬೆರಳಿನ ಏಟು,
ಬಾಗಿಲು ತಟ್ಟಿ ಓಡಿಹೋದ ಪೋರನ ಹಾಗೆ.
ಒಂದು.
ಆಮೇಲೆ ಏನೂ ಇಲ್ಲ.
ಆ ಏನೂ ಇಲ್ಲದಲ್ಲಿ ಕುತ್ತಿಗೆ ತಾನಾಗಿ ಅಲುಗಿತು.
ಮತ್ತೆ ಒಂದು.
ಡ್ರಮ್ಮಿನವನು ನಾಲ್ಕರವರೆಗೂ ಎಣಿಸುತ್ತಾನೆ ನಿಜ,
ಅವನ ನಂಬಿಕೆಯೆಲ್ಲ ಒಂದರ ಮೇಲೆ.

ಮೂರನೆಯ ತಟ್ಟೆಗೆ ಜಾಜ್ ಬಂದು ಸೇರಿತ್ತು:
ಕಹಳೆಯವನು ಬೇಕಂತಲೇ ದಾರಿ ತಪ್ಪಿ, ಎಲ್ಲೆಲ್ಲೋ ಅಲೆದು
ಸರಿಯಾಗಿ ಊಟದ ಹೊತ್ತಿಗೆ ಮನೆ ಹೊಕ್ಕ.
ಐದನೆಯದರಲ್ಲಿ ರಾಕ್: ಹೊಸ ಬಟ್ಟೆಯನ್ನು ಕಲ್ಲು ಹಾಕಿ ಉರುಳಿಸಿ
ಹಳತು ಮಾಡುವ ವಾಷಿಂಗ್ ಡ್ರಮ್ಮಿನ ಗಡಗಡ.
ಡಿಸ್ಕೊ ಬೆರೆತದ್ದಕ್ಕೆ ಗಾದಿಲಿಂಗ ಎದ್ದು ಕುಣಿದ,
ಆ ದಿನ ಅವನು ಹಚ್ಚಿದ ಬೆಲ್ಟಿನ ಪಟ್ಟಿ ಎಲ್ಲ ಸೊಟ್ಟ.

ಒಂಬತ್ತನೆಯದರ ಒಂದು ಮಗ್ಗುಲು ಪೂರಾ ಒಂದೇ ಹಾಡು.
ಆಫ್ರಿಕಾದ ಯಾವುದೋ ಬಂದರಿನದು, ಹದಿನೆಂಟು ನಿಮಿಷ,
ಚರ್ಮದ ಮೇಲೆ ಆರೇಳು ಬಗೆಯ ಕೈ.
ಸುಂಕಮ್ಮನ ಅಪ್ಪ ಪೀರಲ ಹಬ್ಬಕ್ಕೆ ಹಲಗಿ ಬಾರಿಸುವವನು.
‘ಇದು ನಿಮ್ಮದೇ ಅಲ್ಲೇನು?’ ಅಂದೆ, ಬುದ್ಧಿವಂತನ ಹಾಗೆ.
ಬಾಬಿನ್ ಬದಲಿಸುತ್ತ, ತಲೆಯೆತ್ತದೆ ಅಂದಳು:
‘ಅಲ್ಲ. ನಮ್ಮಪ್ಪಂದು ಬ್ಯಾರೆ ಪೆಟ್ಟು, ಬ್ಯಾರೆ ಬೆಂಕಿ.
ಹಲಗಿ ಕಾಸಾಕ ಹಿಡಿ ಹುಲ್ಲು ಕೇಳಿದ್ರೂ
ಕೊಡತಿದ್ದಿಲ್ಲ ಮಂದಿ.
ಇವ್ರಿಗೆ ಯಾರು ಏನು ಕೊಡಲಿಲ್ಲೋ,
ಇವ್ರು ಅದನ್ನ ಬಾರಸಾಕತ್ತಾರ.
ಎಲ್ಲಾ ಒಂದ ಅನಬ್ಯಾಡ.’

ಅಂದಿನಿಂದ ‘ಬೆರೆತಿದೆ’ ಎಂಬ ಮಾತನ್ನು
ಸೂಜಿ ಹಿಡಿದಂತೆ ಹಿಡಿಯುತ್ತೇನೆ.
ಡೆನಿಮ್ಮನ್ನೇ ನೋಡಿ, ಹಾಸು ನೀಲಿ, ಹೊಕ್ಕು ಬಿಳಿ.
ದೂರಕ್ಕೆ ಒಂದೇ ಬಣ್ಣ.
ಕಾಲು ಮಡಚಿದರೆ ಒಳಮೈ ಹೇಳುತ್ತದೆ,
ಯಾವ ಎಳೆಯೂ ತನ್ನ ಬಣ್ಣ ಬಿಟ್ಟುಕೊಟ್ಟಿಲ್ಲವೆಂದು.
ಒಂದನ್ನೊಂದು ದಾಟಿವೆ, ಅಷ್ಟೆ.
ಅಷ್ಟಕ್ಕೇ ಬಟ್ಟೆ ಗಟ್ಟಿ.

ಹತ್ತನೆಯದರ ನಟ್ಟನಡುವೆ ಕರೆಂಟು ಹೋಯಿತು.
ಹಾಡುತ್ತಿದ್ದವಳ ದನಿ ಜಾರಿ, ಗಂಡಸಾಗಿ,
ಇನ್ನೂ ಜಾರಿ, ಮುದುಕನಾಗಿ, ನಿಂತಿತು.
ಏಳು ಮಷಿನ್ನೂ ನಿಂತವು.
ಕತ್ತಲಲ್ಲಿ ಬೆವರು, ಮಷಿನ್ ಎಣ್ಣೆ, ನೀಲಿಯ ವಾಸನೆ.
ಯಾರೋ ಕತ್ತರಿ ಹಿಡಿಕೆಯಿಂದ ಮೇಜಿನ ಮೇಲೆ
ಒಂದು.
ಕಾದೆವು.
ಮಾಸ್ತರರು ಮೆಲ್ಲಗೆ, ‘ರೆಂಡು’.

ಹನ್ನೊಂದನೆಯದು ಬಿರುಕು ಬಿಟ್ಟಿತ್ತು, ಕೇಳಲಾಗಲಿಲ್ಲ.
ಅದರ ಅಂಚಿಗೆ ಸೀಮೆಸುಣ್ಣ ಹಿಡಿದು
ಮಾಸ್ತರರು ಮುಂಜೇಬಿನ ಬಾಗು ಎಳೆದರು,
ಆ ವರ್ಷ ಪೂರ್ತಿ.
ನಾಲ್ಕೋ ಐದೋ ಸಾವಿರ ಪ್ಯಾಂಟು ಹೋಗಿರಬೇಕು.
ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ
ಹಳೇ ಜೀನ್ಸಿನ ಜೇಬಿಗೆ ಕೈ ಇಳಿಬಿಟ್ಟು ನಿಂತರೆ
ಕಾಲು ನೋಡುತ್ತೇನೆ, ತಾಳ ಹಾಕುತ್ತಿದೆಯೇ ಎಂದು.